ಒಂದನೇ ತಾರೀಕಿಗೆ ಮೊದಲೇ ಕೇಳಿ

ನಾರ್ತ್ ಕೆರೊಲಿನಾದ ರಾಲಿ, ಕೇರಿ, ಮಾರಿಸ್‌ವಿಲ್, ಏಪೆಕ್ಸ್, ಡರ್ಹ್ಯಾಮ್ ಸುತ್ತಿನ ಕನ್ನಡಿಗರಲ್ಲಿ ನನ್ನದೊಂದು ಮನವಿ. ಕೆಲಸ ಹೋಯಿತೆನ್ನಿ, ಕಾಂಟ್ರ್ಯಾಕ್ಟ್ ಮುಗಿಯಿತೆನ್ನಿ, ಮನೆಯಲ್ಲಿ ಇಬ್ಬರಲ್ಲಿ ಒಬ್ಬರ ಸಂಬಳ ನಿಂತಿತೆನ್ನಿ. ಮುಂದಿನ ತಿಂಗಳ ಬಾಡಿಗೆ ಪೂರ್ತಿ ಕಟ್ಟಲಾಗದು ಎಂದು ಲೆಕ್ಕ ಹೇಳಿದ ದಿನವೇ ಮನೆ ಓನರಿಗೆ ಒಂದು ಪತ್ರ ಬರೆಯಿರಿ. ಬಾಡಿಗೆ ಇಳಿಸಿ ಎಂದು ಕೇಳಿ, ಇಲ್ಲವೇ ಸಮಯ ಕೊಡಿ ಎಂದು ಕೇಳಿ, ಇಲ್ಲವೇ ಕರಾರಿನಿಂದ ಬಿಡಿಸಿ ಎಂದು ಕೇಳಿ. ಯಾರು ಯಾವುದನ್ನು ಕೇಳಬೇಕು ಎಂಬುದನ್ನು ಮುಂದೆ ಹೇಳುತ್ತೇನೆ. ಕೇಳುವುದನ್ನು ಮಾತ್ರ ಒಂದನೇ ತಾರೀಕು ದಾಟುವ ಮೊದಲು ಕೇಳಿಬಿಡಿ. ಇದೇ ಊರುಗಳಲ್ಲಿ ಟೌನ್‌ಹೌಸ್ ಕೊಂಡು ಬಾಡಿಗೆಗೆ ಕೊಟ್ಟಿರುವ ಕನ್ನಡಿಗರೂ ಕಡಿಮೆಯೇನಿಲ್ಲ. ಅವರಲ್ಲೂ ಒಂದು ಮನವಿ ಇದೆ: ಅಂಥ ಪತ್ರ ಬಂದರೆ ಓದಿ ಸುಮ್ಮನಾಗಬೇಡಿ, ಉತ್ತರ ಬರೆಯಿರಿ.

ಈ ಸೀಮೆಗೆ ಕಷ್ಟಕಾಲ ಹೊಸದೇನೂ ಅಲ್ಲ. ರಿಸರ್ಚ್ ಟ್ರಯಾಂಗಲ್ ಪಾರ್ಕ್ ಶುರುವಾದದ್ದು 1959ರಲ್ಲಿ. ಐಬಿಎಂ ಬರುವುದಾಗಿ ಹೇಳಿದ್ದು 1965ರಲ್ಲಿ. ಅಂದಿನಿಂದ ಕಂಪನಿಗಳು ಕರೆಸಿಕೊಂಡಿವೆ, ಕಂಪನಿಗಳೇ ಕಳಿಸಿಕೊಟ್ಟಿವೆ. ಇಲ್ಲಿ ದೊಡ್ಡ ಉದ್ಯೋಗದಾತನಾಗಿದ್ದ ನಾರ್ಟೆಲ್ 2001ರ ಟೆಲಿಕಾಂ ಕುಸಿತದಲ್ಲಿ ಜನರನ್ನು ತೆಗೆಯತೊಡಗಿ, 2009ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಆಗ ಬಾಡಿಗೆ ಮನೆಯಲ್ಲಿದ್ದ ಕೆಲವರು ಇವತ್ತು ಮನೆ ಕೊಟ್ಟವರಾಗಿದ್ದಾರೆ ಎಂಬುದನ್ನು ಮರೆಯದಿರೋಣ. 2023ರ ಏಪ್ರಿಲ್‌ನಲ್ಲಿ ರಾಲಿಯ ರೆಡ್ ಹ್ಯಾಟ್ ನೂರಕ್ಕೆ ಸುಮಾರು ನಾಲ್ಕು ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೇರಿಯ ಎಪಿಕ್ ಗೇಮ್ಸ್ ಸುಮಾರು 830 ಜನರನ್ನು ಬಿಡುವುದಾಗಿ ಪ್ರಕಟಿಸಿತು. ಇವು ಪೇಪರಿಗೆ ಬಂದವು. ಪೇಪರಿಗೆ ಬಾರದ ಲೇಆಫುಗಳು, ಕ್ಲೈಂಟ್ ಪ್ರಾಜೆಕ್ಟ್ ನಿಂತು ಬೆಂಚಿನ ಮೇಲೆ ಕೂತವರು, ಗ್ರಾಸರಿ ಅಂಗಡಿಯಲ್ಲಿ ಗಂಟೆ ಲೆಕ್ಕಕ್ಕೆ ದುಡಿಯುವವರು, ಎನ್‌ಸಿ ಸ್ಟೇಟ್‌ನಲ್ಲಿ ಓದು ಮುಗಿಸಿ ಮೊದಲ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು ಬೇರೆ.

ಕಷ್ಟ ಬಂದಾಗ ನಮ್ಮವರು ಮೊದಲು ಮಾಡುವ ಕೆಲಸವೆಂದರೆ ಮುಚ್ಚಿಡುವುದು. ಊರಲ್ಲಿರುವ ಅಪ್ಪ ಅಮ್ಮನಿಗೆ ಹೇಳುವುದಿಲ್ಲ, ಶನಿವಾರದ ಪಾಟ್‌ಲಕ್‌ಗೆ ಬಿಸಿಬೇಳೆಬಾತ್ ಮಾಡಿಕೊಂಡು ಹೋಗುವುದನ್ನು ನಿಲ್ಲಿಸುವುದಿಲ್ಲ, ಮಗಳ ಭರತನಾಟ್ಯದ ಕ್ಲಾಸು ಬಿಡಿಸುವುದಿಲ್ಲ. ಇದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. ಮಾನ ಎಂಬುದೂ ಒಂದು ಬಂಡವಾಳವೇ. ಆದರೆ ಬಾಡಿಗೆಯ ವಿಷಯದಲ್ಲಿ ಈ ಮೌನಕ್ಕೆ ತೆರುವ ಬೆಲೆ ದೊಡ್ಡದು. ಮೊದಲ ತಿಂಗಳು ಉಳಿತಾಯದಿಂದ ಕಟ್ಟುತ್ತಾರೆ. ಎರಡನೆಯ ತಿಂಗಳು ಅಪಾರ್ಟ್‌ಮೆಂಟಿನ ಪೋರ್ಟಲ್ ಕೇಳುವ ಹೆಚ್ಚುವರಿ ಶುಲ್ಕವನ್ನೂ ಸೇರಿಸಿ ಕ್ರೆಡಿಟ್ ಕಾರ್ಡಿಗೆ ಹಾಕುತ್ತಾರೆ. ಮೂರನೆಯ ತಿಂಗಳು ನಿವೃತ್ತಿಗೆಂದು ಕೂಡಿಟ್ಟ 401(ಕೆ) ಮುರಿಯುವ ಯೋಚನೆ. ತೆರಿಗೆಯ ಜೊತೆಗೆ, ನಿಗದಿತ ವಯಸ್ಸಾಗುವ ಮೊದಲು ತೆಗೆದದ್ದಕ್ಕೆ ಸಾಮಾನ್ಯವಾಗಿ ನೂರಕ್ಕೆ ಹತ್ತು ದಂಡ. ಆಮೇಲೆ ಜಯನಗರದಲ್ಲೋ ಶಿವಮೊಗ್ಗದಲ್ಲೋ ಅಪ್ಪ ಇಟ್ಟಿದ್ದ ಎಫ್‌ಡಿ. ಎಲ್ಲ ಬರಿದಾದ ಮೇಲೆ, ಬಾಡಿಗೆ ನಿಜವಾಗಿ ತಪ್ಪಿದ ಮೇಲೆ, ಓನರಿಗೆ ಫೋನು. ಆಗ ಕೈಯಲ್ಲಿ ಕೊಡಲು ಏನೂ ಉಳಿದಿರುವುದಿಲ್ಲ. ಅರ್ಧ ಬಾಡಿಗೆ ಕಟ್ಟುವ ಶಕ್ತಿ ಇದ್ದಾಗಲೇ ಕೇಳಿದ್ದರೆ ಅದು ಒಂದು ಪ್ರಸ್ತಾಪವಾಗುತ್ತಿತ್ತು. ಓನರಿಗಂತೂ ಬಾಕಿ ಹಣಕ್ಕಿಂತ ಹೆಚ್ಚು ಚುಚ್ಚುವುದು, ಇಷ್ಟು ದಿನ ಗೊತ್ತಿದ್ದೂ ಹೇಳಲಿಲ್ಲವಲ್ಲ ಎನ್ನುವುದು.

ವೀಸಾ ಇದಕ್ಕೆ ಇನ್ನೊಂದು ಗಂಟು ಹಾಕುತ್ತದೆ. ಎಚ್-1ಬಿಯಲ್ಲಿರುವವರಿಗೆ ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನ. 2017ರ ಜನವರಿಯಲ್ಲಿ ಜಾರಿಗೆ ಬಂದ ನಿಯಮ ಅದು. ಇಲ್ಲಿರಲು ಕೊಟ್ಟ ಅನುಮತಿಯ ಅವಧಿ ಅದಕ್ಕೂ ಮೊದಲೇ ಮುಗಿಯುವುದಿದ್ದರೆ ಅಷ್ಟೂ ಇಲ್ಲ. ಓದಿನ ನಂತರದ ಕೆಲಸದ ಅನುಮತಿಯಾದ ಒಪಿಟಿಯಲ್ಲಿರುವ ವಿದ್ಯಾರ್ಥಿಗೆ ಕೆಲಸವಿಲ್ಲದೆ ಕಳೆಯಬಹುದಾದದ್ದು ಒಟ್ಟು 90 ದಿನ, ಸ್ಟೆಮ್ ವಿಸ್ತರಣೆ ಸಿಕ್ಕವರಿಗೆ 150. ಹೀಗಿರುವಾಗ ಬಾಡಿಗೆ ಕರಾರು ಇನ್ನೂ ಎಂಟು ತಿಂಗಳು ಉಳಿದಿದ್ದರೆ ಬಾಡಿಗೆ ಇಳಿಸಿ ಎಂದು ಕೇಳುವುದರಲ್ಲಿ ಅರ್ಥವೇ ಇಲ್ಲ. ಕೆಲಸ ಸಿಕ್ಕರೆ ಬೇರೆ ರಾಜ್ಯಕ್ಕೆ ಹೋಗಬಹುದು, ಸಿಗದಿದ್ದರೆ ಬೆಂಗಳೂರಿಗೆ. ಇಂಥವರು ಕೇಳಬೇಕಾದದ್ದು ಬಿಡುಗಡೆ: ಉಳಿದ ಅವಧಿಯನ್ನು ತಿಂಗಳು ತಿಂಗಳ ಲೆಕ್ಕಕ್ಕೆ ಬದಲಿಸಿಕೊಡಿ, ಅಥವಾ ಬದಲಿ ಬಾಡಿಗೆದಾರನನ್ನು ನಾನೇ ತರುತ್ತೇನೆ, ಒಪ್ಪಿಕೊಳ್ಳಿ ಎಂದು. ದೊಡ್ಡ ಅಪಾರ್ಟ್‌ಮೆಂಟುಗಳ ಕರಾರಿನಲ್ಲಿ ಮುಂಚಿತವಾಗಿ ಬಿಡುವ ಷರತ್ತು ಸಾಮಾನ್ಯವಾಗಿ ಇರುತ್ತದೆ. ಇಂತಿಷ್ಟು ದಿನದ ನೋಟಿಸು, ಇಂತಿಷ್ಟು ತಿಂಗಳ ಬಾಡಿಗೆಯಷ್ಟು ದಂಡ. ನೋಟಿಸಿನ ದಿನಗಳು ನೀವು ಬರೆದು ಕೊಟ್ಟ ದಿನದಿಂದ ಓಡತೊಡಗುತ್ತವೆ. 60 ದಿನಗಳಲ್ಲಿ 45 ದಿನ ಯೋಚಿಸುತ್ತಾ ಕೂತರೆ ಆ ಷರತ್ತು ಇದ್ದೂ ಇಲ್ಲದಂತೆ. ಬೀಗದ ಕೈಯನ್ನು ಅಡುಗೆಮನೆ ಕೌಂಟರಿನ ಮೇಲಿಟ್ಟು ವಿಮಾನ ಹತ್ತಿದವರ ಕಥೆಗಳು ಎಲ್ಲ ಊರಲ್ಲೂ ಇವೆ. ಬಾಕಿ ಕಲೆಕ್ಷನ್ ಏಜೆನ್ಸಿಗೆ ಹೋಗುತ್ತದೆ, ಜೊತೆಗಿದ್ದ ರೂಮ್‌ಮೇಟ್ ಸಿಕ್ಕಿಬೀಳುತ್ತಾನೆ. ನಾಲ್ವರು ಸಹಿ ಹಾಕಿದ ಕರಾರಿನಲ್ಲಿ ಸಾಮಾನ್ಯವಾಗಿ ಒಬ್ಬೊಬ್ಬರೂ ಪೂರ್ತಿ ಬಾಡಿಗೆಗೆ ಹೊಣೆ. "ನನ್ನ ಪಾಲು ಕಟ್ಟಿದ್ದೇನೆ" ಎನ್ನುವ ಮಾತು ನಡೆಯುವುದಿಲ್ಲ. ವಿದ್ಯಾರ್ಥಿಗಳು ಇದನ್ನು ಸಹಿ ಹಾಕುವ ಮೊದಲೇ ತಿಳಿದರೆ ಚೆನ್ನು.

ಕಾನೂನು ನಿಮಗೆ ಎಷ್ಟು ಸಹಾಯ ಮಾಡುತ್ತದೆ? ಬಾಡಿಗೆ ಇಳಿಸುವ ವಿಷಯದಲ್ಲಿ, ಏನೂ ಇಲ್ಲ. ನಗರಗಳಾಗಲಿ ಕೌಂಟಿಗಳಾಗಲಿ ಖಾಸಗಿ ಮನೆಗಳ ಬಾಡಿಗೆಗೆ ಮಿತಿ ಹಾಕಕೂಡದು ಎಂದು ನಾರ್ತ್ ಕೆರೊಲಿನಾ 1987ರಲ್ಲೇ ಕಾನೂನು ಮಾಡಿದೆ. ರಾಲಿಯ ಮೇಯರ್ ಮನಸ್ಸು ಮಾಡಿದರೂ ಆಗದು. ಕೋವಿಡ್ ಕಾಲದ ನೆನಪಿನಿಂದ ಸರ್ಕಾರ ಏನಾದರೂ ಮಾಡೀತು ಎಂದುಕೊಂಡಿರುವವರಿದ್ದಾರೆ. 2020ರ ಮಾರ್ಚ್ 29ರಂದು ಭಾರತದ ಗೃಹ ಸಚಿವಾಲಯ, ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬೇಡಿ ಎಂದು ಮನೆ ಮಾಲೀಕರಿಗೆ ಆದೇಶಿಸಿತ್ತು. ಅದು ಎಷ್ಟು ಮನೆಗಳಲ್ಲಿ ನಡೆಯಿತು ಎಂಬುದು ಬೇರೆ ಮಾತು. ಇಲ್ಲಿ ಅಷ್ಟನ್ನೂ ಹೇಳಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಫೆಡರಲ್ ಆರೋಗ್ಯ ಸಂಸ್ಥೆ ಸಿಡಿಸಿ ಹೊರಡಿಸಿದ ಆದೇಶ ಮನೆ ಖಾಲಿ ಮಾಡಿಸುವುದನ್ನು ಮುಂದೂಡಿತೇ ಹೊರತು ಒಂದು ಡಾಲರ್ ಬಾಡಿಗೆಯನ್ನೂ ಮನ್ನಾ ಮಾಡಲಿಲ್ಲ. 2021ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ಅದನ್ನೂ ತಡೆಯಿತು. ಬಾಡಿಗೆಗೆ ನೆರವು ಕೊಡುತ್ತಿದ್ದ ರಾಜ್ಯದ ಹೋಪ್ ಯೋಜನೆ 2020ರ ಅಕ್ಟೋಬರ್‌ನಲ್ಲಿ ಶುರುವಾಗಿ, 2022ರ ಡಿಸೆಂಬರ್‌ನಲ್ಲಿ ಹೊಸ ಅರ್ಜಿ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಈಗ ಉಳಿದಿರುವ ದಾರಿ ಓನರ ಬಾಗಿಲಿಗೇ ಹೋಗುತ್ತದೆ.

ಮನೆ ಖಾಲಿ ಮಾಡಿಸುವ ವಿಷಯದಲ್ಲಾದರೋ ಈ ರಾಜ್ಯದ ಕಾನೂನು ಚುರುಕು. ಬಾಡಿಗೆ ಐದು ದಿನ ತಡವಾದರೆ ತಡದ ಶುಲ್ಕ: 15 ಡಾಲರ್ ಅಥವಾ ತಿಂಗಳ ಬಾಡಿಗೆಯ ನೂರಕ್ಕೆ ಐದು, ಎರಡರಲ್ಲಿ ಯಾವುದು ಹೆಚ್ಚೋ ಅದು ಗರಿಷ್ಠ. ಅದಕ್ಕಿಂತ ಹೆಚ್ಚು ಕೇಳಿದರೆ ನೀವು ಕಾನೂನು ತೋರಿಸಬಹುದು. ಬಾಡಿಗೆ ಬಾರದಿದ್ದರೆ ಓನರ್ ಸಣ್ಣ ವ್ಯಾಜ್ಯಗಳ ಕೋರ್ಟಿಗೆ ಹೋಗುತ್ತಾರೆ. ಸಮನ್ಸ್ ಹೊರಟ ಏಳು ದಿನಗಳ ಒಳಗೆ, ಶನಿವಾರ ಭಾನುವಾರ ರಜಾದಿನ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ವಿಚಾರಣೆ. ಸಮನ್ಸು ಕೈಗೆ ಕೊಡಲಾಗದಿದ್ದರೆ ಶೆರಿಫ್ ಕಡೆಯವರು ಬಾಗಿಲಿಗೆ ಅಂಟಿಸಿ ಹೋಗುತ್ತಾರೆ. ವೇಕ್ ಕೌಂಟಿಯವರಿಗೆ ಇದು ನಡೆಯುವುದು ರಾಲಿ ಪೇಟೆಯ ಸಾಲ್ಸ್‌ಬರಿ ಸ್ಟ್ರೀಟಿನ ಜಸ್ಟಿಸ್ ಸೆಂಟರಿನಲ್ಲಿ. ನೀವು ಹೋಗದಿದ್ದರೆ ತೀರ್ಪು ನಿಮ್ಮ ವಿರುದ್ಧವೇ ಆಗುವುದು ಬಹುಪಾಲು ಖಚಿತ. ತೀರ್ಪಿನ ಮೇಲೆ ಮೇಲ್ಮನವಿಗೆ 10 ದಿನ. ಅದೂ ಕಳೆದರೆ ಓನರ್ ಆದೇಶಪತ್ರ ಪಡೆದು ಶೆರಿಫನ ಕೈಗೆ ಕೊಡುತ್ತಾರೆ, ಅದು ತಲುಪಿದ ಐದು ದಿನಗಳ ಒಳಗೆ ಶೆರಿಫ್ ಬಂದು ಬೀಗ ಬದಲಿಸಬೇಕು. ಒಟ್ಟು ಲೆಕ್ಕ ಹಾಕಿ: ಒಂದು ತಿಂಗಳ ಆಚೀಚೆ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಎಳೆಯುವ ಬಾಡಿಗೆ ಕೇಸುಗಳನ್ನು ಕೇಳಿ ಬೆಳೆದ ನಮಗೆ ಇದು ನಂಬಲು ಕಷ್ಟ.

ಬೀಗ ಬದಲಿಸುವುದಕ್ಕಿಂತ ದೀರ್ಘವಾದ ಪೆಟ್ಟು ಇನ್ನೊಂದಿದೆ. 2023ರ ಫೆಬ್ರವರಿಯಿಂದ ವೇಕ್ ಕೌಂಟಿಯ ಕೋರ್ಟ್ ದಾಖಲೆಗಳು ಇ-ಕೋರ್ಟ್ಸ್ ವ್ಯವಸ್ಥೆಗೆ ಬಂದಿವೆ. ಯಾರು ಬೇಕಾದರೂ ಮನೆಯಲ್ಲೇ ಕೂತು ಹೆಸರು ಹಾಕಿ ನೋಡಬಹುದು. ಮುಂದಿನ ಮನೆಗೆ ಅರ್ಜಿ ಹಾಕಿದಾಗ ಹಿನ್ನೆಲೆ ಪರೀಕ್ಷಿಸುವ ಏಜೆನ್ಸಿಗಳೂ ಅದನ್ನೇ ನೋಡುವುದು. ಬಾಕಿ ತೀರಿಸಿ ಕೇಸು ವಜಾ ಆಗಿದ್ದರೂ, ಹೂಡಿದ್ದರು ಎಂಬುದು ಅಲ್ಲಿ ಕಾಣುತ್ತದೆ. ಆದ್ದರಿಂದ ನಿಮ್ಮ ಗುರಿ ಕೋರ್ಟಿನಲ್ಲಿ ಗೆಲ್ಲುವುದಾಗಬೇಕಿಲ್ಲ. ಕೇಸೇ ದಾಖಲಾಗದಂತೆ ನೋಡಿಕೊಳ್ಳುವುದು. ಅದು ಸಾಧ್ಯವಿರುವುದು ಬಾಡಿಗೆ ತಪ್ಪುವ ಮೊದಲಿನ ದಿನಗಳಲ್ಲಿ ಮಾತ್ರ.

ಇಲ್ಲಿ ನಮ್ಮೂರಿನ ಒಂದು ಅಭ್ಯಾಸ ಕೈಕೊಡುತ್ತದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಮನೆ ಹಿಡಿದವರಿಗೆ, ಕಷ್ಟ ಬಂದರೆ "ಆಂಟಿ, ಎರಡು ತಿಂಗಳು ಅಡ್ವಾನ್ಸಲ್ಲಿ ಮುರ್ಕೊಳ್ಳಿ" ಎನ್ನುವುದು ಬಾಯಿಗೆ ಬಂದ ಮಾತು. ಇಲ್ಲಿ ವರ್ಷದ ಕರಾರಿಗೆ ಡಿಪಾಸಿಟ್ ಎರಡು ತಿಂಗಳ ಬಾಡಿಗೆ ಮೀರುವಂತಿಲ್ಲ. ಅದು ಓನರ ಜೇಬಿನಲ್ಲೂ ಇರಕೂಡದು, ಬೇರೆ ಟ್ರಸ್ಟ್ ಖಾತೆಯಲ್ಲಿರಬೇಕು, ಇಲ್ಲವೇ ಅದಕ್ಕೆ ಬಾಂಡ್ ಇರಬೇಕು. ಬಾಡಿಗೆದಾರ ತಾನಾಗಿಯೇ ಮುರಿದುಕೊಂಡರೆ ಅದು ಬಾಡಿಗೆ ತಪ್ಪಿಸಿದಂತೆಯೇ. ಹಾಗೆಯೇ, ಎಸಿ ರಿಪೇರಿ ಮಾಡಿಸಿಲ್ಲ, ಅದಕ್ಕೇ ಬಾಡಿಗೆ ಹಿಡಿದಿದ್ದೇನೆ ಎನ್ನುವುದಕ್ಕೂ ಈ ರಾಜ್ಯದಲ್ಲಿ ಅವಕಾಶವಿಲ್ಲ. ಕೋರ್ಟು ಹೇಳುವ ತನಕ ಬಾಡಿಗೆ ಹಿಡಿದಿಡುವಂತಿಲ್ಲ. ರಿಪೇರಿಯ ತಕರಾರನ್ನು ಬೇರೆಯಾಗಿ ಬರೆಯಿರಿ, ಕಷ್ಟದ ಪತ್ರದ ಜೊತೆ ಬೆರೆಸಬೇಡಿ.

ಇನ್ನು ಯಾರಲ್ಲಿ ಕೇಳುತ್ತಿದ್ದೀರಿ ಎಂಬುದರ ಮೇಲೆ ಹೇಗೆ ಕೇಳಬೇಕು ಎಂಬುದು ನಿಂತಿದೆ. ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯದ ಲೀಸಿಂಗ್ ಆಫೀಸಿನಲ್ಲಿ ಕೂತ ಹೆಣ್ಣುಮಗಳಿಗೆ ಬಾಡಿಗೆ ಇಳಿಸುವ ಅಧಿಕಾರವಿಲ್ಲ. ಅವಳ ಮುಂದಿನ ಕಂಪ್ಯೂಟರು ಹೇಳಿದ ಅಂಕಿ ಅದು. ಪೈಪೋಟಿಯ ಕಟ್ಟಡಗಳು ತಮ್ಮ ಒಳಗಿನ ಬಾಡಿಗೆ ಮಾಹಿತಿಯನ್ನು ಒಂದೇ ಸಾಫ್ಟ್‌ವೇರಿಗೆ ಕೊಟ್ಟು, ಅದು ಸೂಚಿಸಿದ ದರವನ್ನೇ ಹಾಕುತ್ತವೆ ಎಂಬ ಆರೋಪದ ಮೇಲೆ 2024ರ ಆಗಸ್ಟ್ 23ರಂದು ಅಮೆರಿಕದ ನ್ಯಾಯಾಂಗ ಇಲಾಖೆ ರಿಯಲ್‌ಪೇಜ್ ಕಂಪನಿಯ ವಿರುದ್ಧ ಮೊಕದ್ದಮೆ ಹೂಡಿತು. ಹೂಡಿದ್ದು ನಾರ್ತ್ ಕೆರೊಲಿನಾದ ಮಿಡಲ್ ಡಿಸ್ಟ್ರಿಕ್ಟ್ ಫೆಡರಲ್ ಕೋರ್ಟಿನಲ್ಲಿ. ಜೊತೆಗೂಡಿದ ಎಂಟು ರಾಜ್ಯಗಳಲ್ಲಿ ನಮ್ಮದೂ ಒಂದು.  ಕೇಸಿನ ಗತಿ ಏನೇ ಆಗಲಿ, ನಿಮಗೆ ತಿಳಿದಿರಬೇಕಾದ ಸಂಗತಿ ಇಷ್ಟು: ಕರಾರಿನ ಮೇಲೆ ಬರೆದ ಬಾಡಿಗೆ ಇಳಿದರೆ ಕಟ್ಟಡದ ಬೆಲೆಯೇ ಇಳಿದಂತೆ, ಏಕೆಂದರೆ ಸಾಲ ಕೊಟ್ಟವರೂ ಹೂಡಿಕೆದಾರರೂ ನೋಡುವುದು ಆ ಅಂಕಿಯನ್ನೇ. ಹಾಗಾಗಿ "ಬಾಡಿಗೆ ಇಳಿಸಿ" ಎಂದರೆ ಆಗದು ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದರ ಬದಲು ಕನ್ಸೆಷನ್ ಕೇಳಿ, ಅಂದರೆ ಅಂಕಿ ಹಾಗೇ ಇದ್ದು ಒಂದು ತಿಂಗಳು ಬಿಟ್ಟುಕೊಡುವುದು ಅಥವಾ ತಿಂಗಳಿಗೆ ಇಷ್ಟು ಎಂದು ಕಳೆಯುವುದು. ಪೇಮೆಂಟ್ ಪ್ಲಾನ್ ಕೇಳಿ, ತಡದ ಶುಲ್ಕ ಬಿಡಲು ಕೇಳಿ, ಗರಾಜು ಪಾರ್ಕಿಂಗು ಬಾಡಿಗೆ ತೆಗೆಸಲು ಕೇಳಿ, ಅದೇ ಕಾಂಪ್ಲೆಕ್ಸಿನಲ್ಲಿ ಚಿಕ್ಕ ಮನೆಗೆ ವರ್ಗಾಯಿಸಲು ಕೇಳಿ. ಹೊಸ ಕಟ್ಟಡಗಳು ಎದ್ದು, ಎದುರಿಗೆ "ಆರು ವಾರ ಉಚಿತ" ಎಂಬ ಬ್ಯಾನರ್ ನೇತಾಡುತ್ತಿದ್ದರೆ ಅದರ ಫೋಟೋ ತೆಗೆದು ಪತ್ರಕ್ಕೆ ಸೇರಿಸಿ. ಹೊಸಬನಿಗೆ ಕೊಡುವುದನ್ನು ಇರುವವನಿಗೆ ಕೊಡಿ ಎನ್ನುವುದು ನ್ಯಾಯವಾದ ಮಾತು. ಮೊದಲ ಮೆಟ್ಟಿಲಲ್ಲಿ ಇಲ್ಲ ಎಂದರೆ ಪ್ರಾಪರ್ಟಿ ಮ್ಯಾನೇಜರಿಗೆ, ಅವರ ಮೇಲಿನ ರೀಜನಲ್ ಮ್ಯಾನೇಜರಿಗೆ ಬರೆಯಿರಿ.

ಓನರ್ ಕನ್ನಡದವರೇ ಆದರೆ? ಯುಗಾದಿ ಕಾರ್ಯಕ್ರಮದಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತು ಒಬ್ಬಟ್ಟು ತಿಂದವರು, ನೀವು "ಅಣ್ಣ" ಎಂದೋ "ಮೇಡಂ" ಎಂದೋ ಕರೆಯುವವರು. ಕೇಳಲು ಇನ್ನೂ ಕಷ್ಟ. ಬಾಯಲ್ಲಿ ಹೇಳಿದರೆ ಮಾತು ಎಲ್ಲೆಲ್ಲೋ ಹೋಗಿ, ಕಾಫಿ ಕುಡಿದು, "ನೋಡೋಣ ಬಿಡಿ" ಎಂಬಲ್ಲಿಗೆ ನಿಲ್ಲುತ್ತದೆ. ಮುಂದಿನ ತಿಂಗಳು ಅವರು ಅಂದುಕೊಂಡದ್ದು ಒಂದು, ನೀವು ಅಂದುಕೊಂಡದ್ದು ಇನ್ನೊಂದು. ಬರೆಯುವುದು ಇಬ್ಬರ ಸ್ನೇಹಕ್ಕೂ ಒಳ್ಳೆಯದು. ಹೀಗೆ ಬರೆಯಬಹುದು, ಅಂಕಿಗಳು ನಿಮ್ಮವು:

"ನಮಸ್ಕಾರ ಸರ್. ಎರಡು ವರ್ಷದಿಂದ ನಿಮ್ಮ ಮನೆಯಲ್ಲಿದ್ದೇವೆ, ಬಾಡಿಗೆ ಒಮ್ಮೆಯೂ ತಡ ಮಾಡಿಲ್ಲ. ಈ ತಿಂಗಳ 12ಕ್ಕೆ ನನ್ನ ಕೆಲಸ ಹೋಯಿತು, ಕಂಪನಿಯ ಪತ್ರ ಜೊತೆಗಿಟ್ಟಿದ್ದೇನೆ. ಮನೆಯವರ ಸಂಬಳ ಬರುತ್ತಿದೆ. 2,000 ಡಾಲರ್ ಬಾಡಿಗೆಯಲ್ಲಿ 1,400ನ್ನು ಒಂದನೇ ತಾರೀಕಿಗೇ ಕಟ್ಟುತ್ತೇನೆ. ಮೂರು ತಿಂಗಳು ಹೀಗೆ ನಡೆಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಉಳಿದ 600ರಲ್ಲಿ ತಿಂಗಳಿಗೆ 300 ಬಿಟ್ಟುಕೊಡಿ. ಇನ್ನು 300 ನನ್ನ ಬಾಕಿ, ಕೆಲಸ ಸಿಕ್ಕ ಎರಡನೆಯ ತಿಂಗಳಿಂದ ಕಂತಿನಲ್ಲಿ ತೀರಿಸುತ್ತೇನೆ. ಬೇಗ ಕೆಲಸ ಸಿಕ್ಕರೆ ಆ ತಿಂಗಳಿಂದಲೇ ಪೂರ್ತಿ ಬಾಡಿಗೆ. ನಿಮಗೂ ಲೋನಿನ ಕಂತು ಇರುತ್ತದೆ ಎಂದು ಗೊತ್ತು. ಈ ಭಾನುವಾರ ಹತ್ತು ನಿಮಿಷ ಮಾತಾಡಬಹುದೇ?"

ಇದರಲ್ಲಿ ಅಳು ಇಲ್ಲ, ಮಕ್ಕಳ ಹೆಸರು ಹೇಳಿ ಕರುಣೆ ಕೇಳಿಲ್ಲ. ಎಷ್ಟು ಕಟ್ಟುತ್ತೇನೆ, ಎಷ್ಟು ದಿನ, ಆಮೇಲೆ ಏನು ಎಂಬ ಮೂರು ಪ್ರಶ್ನೆಗಳು ಓನರ ತಲೆಯಲ್ಲಿ ಏಳುವ ಮೊದಲೇ ಉತ್ತರವಿದೆ. ಪತ್ರದಲ್ಲಿ ಹೇಳಿದ 1,400ನ್ನು ಒಂದನೇ ತಾರೀಕಿಗೆ ಕಟ್ಟಲೇಬೇಕು, ಅದು ತಪ್ಪಿದರೆ ಉಳಿದದ್ದೆಲ್ಲ ಗಾಳಿಗೆ. ಕಟ್ಟಲಾಗದ ಅಂಕಿ ಬರೆಯುವುದಕ್ಕಿಂತ ಸಣ್ಣ ಅಂಕಿ ಬರೆಯುವುದು ಮೇಲು.

ಒಪ್ಪಿದ ಮೇಲೆ ಅದನ್ನು ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ಇಬ್ಬರೂ ಸಹಿ ಹಾಕಿ, ಕರಾರಿಗೆ ಅಡೆಂಡಮ್ ಆಗಿ ಸೇರಿಸಿ. ಮ್ಯಾಜಿಸ್ಟ್ರೇಟರಿಗೆ ನಮ್ಮ ವಾಟ್ಸ್ಯಾಪ್ ಕನ್ನಡ ಓದಲು ಬರುವುದಿಲ್ಲ. ಇದು ಬರೀ ಶಿಷ್ಟಾಚಾರವೂ ಅಲ್ಲ. ಅರ್ಧ ಬಾಡಿಗೆ ತೆಗೆದುಕೊಂಡ ಮೇಲೂ ಉಳಿದರ್ಧಕ್ಕಾಗಿ ಮನೆ ಖಾಲಿ ಮಾಡಿಸುವ ಹಕ್ಕು ಉಳಿಯುತ್ತದೆ ಎಂದು ಕರಾರಿನಲ್ಲಿ ಬರೆದಿದ್ದರೆ ಈ ರಾಜ್ಯದ ಕಾನೂನು ಅದನ್ನು ಒಪ್ಪುತ್ತದೆ. ಬಹಳಷ್ಟು ಅಚ್ಚಾದ ಕರಾರುಗಳಲ್ಲಿ ಆ ಸಾಲು ಇರುತ್ತದೆ. ಹೊಸ ಒಪ್ಪಂದ ಕಾಗದದಲ್ಲಿ ಇಲ್ಲದೆ 1,400 ಕಟ್ಟಿದರೆ ಆ ಹಣವೂ ಹೋಯಿತು, ಮನೆಯೂ ಹೋಗಬಹುದು. ಬಿಟ್ಟುಕೊಟ್ಟದ್ದು ಯಾವುದು, ಮುಂದಕ್ಕೆ ಹಾಕಿದ್ದು ಯಾವುದು ಎಂದು ಸ್ಪಷ್ಟವಾಗಿರಲಿ. ತಡದ ಶುಲ್ಕವಿಲ್ಲ ಎಂಬ ಸಾಲೂ ಇರಲಿ.

ಈಗ ಮನೆ ಕೊಟ್ಟಿರುವವರಲ್ಲಿ ನನ್ನ ಮನವಿ. ನಿಮ್ಮ ಕಷ್ಟವೂ ಸಣ್ಣದಲ್ಲ ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ. 2024ರಲ್ಲಿ ವೇಕ್ ಕೌಂಟಿ ಆಸ್ತಿಗಳ ಮರುಮೌಲ್ಯಮಾಪನ ಮಾಡಿದಾಗ ವಾಸದ ಮನೆಗಳ ಬೆಲೆ ಸರಾಸರಿ ನೂರಕ್ಕೆ 53ರಷ್ಟು ಏರಿತು. ತೆರಿಗೆ ದರ ಇಳಿಸಿದ ಮೇಲೂ ಅನೇಕರ ಬಿಲ್ಲು ಹೆಚ್ಚೇ ಬಂತು. ಲೋನ್ ಕಂತು, ಇನ್ಶೂರೆನ್ಸ್, ಎಚ್‌ಒಎ ಶುಲ್ಕ ಯಾವುದೂ ಬಾಡಿಗೆದಾರನ ಕೆಲಸ ಹೋಯಿತೆಂದು ನಿಲ್ಲುವುದಿಲ್ಲ. ನಿಮ್ಮದೂ ಅದೇ ಕಂಪನಿಯ ಕೆಲಸವಾಗಿರಬಹುದು, ಮುಂದಿನ ಪಟ್ಟಿಯಲ್ಲಿ ನಿಮ್ಮ ಹೆಸರಿರಬಹುದು. ಬಾಡಿಗೆ ಬಿಟ್ಟುಕೊಡುವುದು ನಿಮ್ಮ ಕರ್ತವ್ಯ ಎಂದು ಯಾರೂ ಹೇಳುವಂತಿಲ್ಲ.

ಆದರೂ ಕೂತು ಲೆಕ್ಕ ಹಾಕಿ. ಮೇಲಿನ ಪತ್ರದಂತೆ ಬಿಟ್ಟುಕೊಟ್ಟರೆ ಮೂರು ತಿಂಗಳಿಗೆ ನಿಮಗಾಗುವ ನಷ್ಟ 900 ಡಾಲರ್. ಅವರನ್ನು ಕಳಿಸಿದರೆ ಮನೆ ಒಂದು ತಿಂಗಳು ಖಾಲಿ ಬಿದ್ದರೂ 2,000 ಹೋಯಿತು. ಬಣ್ಣ, ಕಾರ್ಪೆಟ್ ತೊಳೆಸುವುದು, ಏಜೆಂಟರ ಶುಲ್ಕ ಬೇರೆ. ಡಿಸೆಂಬರಿನಲ್ಲಾದರೆ ಶಾಲೆ ನಡುವೆ ಮನೆ ಬದಲಿಸುವ ಕುಟುಂಬ ಸಿಗುವುದೂ ಕಷ್ಟ. ಕೋರ್ಟಿನಲ್ಲಿ ಬಾಕಿಗೆ ತೀರ್ಪು ಸಿಕ್ಕಿತು ಎನ್ನಿ, ಕೆಲಸವಿಲ್ಲದವನಿಂದ ವಸೂಲಿ ಮಾಡುವುದು ಏನನ್ನು? ಕೆಲಸ ಸಿಕ್ಕ ಮೇಲೂ, ಈ ರಾಜ್ಯದಲ್ಲಿ ಬಾಡಿಗೆ ಬಾಕಿಯಂಥ ಸಾಮಾನ್ಯ ಸಾಲಕ್ಕೆ ಸಂಬಳ ಜಪ್ತಿ ಮಾಡಿಸಲಾಗದು. ಒಂದು ತೆರಿಗೆಯ ಮಾತು: ಬಾರದ ಬಾಡಿಗೆಯನ್ನು ನಷ್ಟವೆಂದು ತೋರಿಸಿ ಕಳೆಯುವ ಅವಕಾಶ ಸಾಮಾನ್ಯ ಮನೆಮಾಲೀಕರಿಗಿಲ್ಲ, ಆದರೆ ಕೈಗೆ ಬಾರದ್ದರ ಮೇಲೆ ತೆರಿಗೆಯೂ ಇಲ್ಲ. ಹಾಗಾಗಿ 900 ಬಿಟ್ಟರೆ ನಿಮ್ಮ ಕೈಯಿಂದ ಹೋಗುವುದು ಪೂರ್ತಿ 900 ಆಗಿರುವುದಿಲ್ಲ.

ಇಲ್ಲ ಎನ್ನುವುದಾದರೆ ಬೇಗ ಹೇಳಿ, ಅದೂ ಉಪಕಾರವೇ. ಎರಡು ವಾರ ಸುಮ್ಮನಿದ್ದು ಆಮೇಲೆ ಆಗದು ಎಂದರೆ, ಎಚ್-1ಬಿಯವರಾದರೆ ಅವರ 60 ದಿನಗಳಲ್ಲಿ ಹದಿನಾಲ್ಕು ನಿಮ್ಮ ಮೌನಕ್ಕೆ ಹೋದವು. ಬಾಡಿಗೆ ಇಳಿಸಲಾಗದಿದ್ದರೆ ಕರಾರಿನಿಂದ ಬಿಡಿ, ಮನೆಯನ್ನು ಚೊಕ್ಕಟವಾಗಿ ಬಿಟ್ಟರೆ ಡಿಪಾಸಿಟನ್ನು ಕಾನೂನಿನ 30 ದಿನ ಕಾಯದೆ ಬೇಗ ಕೊಡಿ. ಹೊಸ ಊರಿನಲ್ಲಿ ಹೊಸ ಡಿಪಾಸಿಟ್ ಕಟ್ಟಲು ಅದೇ ಬೇಕಾಗುತ್ತದೆ. ಕೋಪ ಬಂದಾಗಲೂ ಬೀಗ ಬದಲಿಸುವುದು, ಕರೆಂಟು ನೀರು ತೆಗೆಸುವುದು ಬೇಡವೇ ಬೇಡ. ಕೋರ್ಟಿನ ಆದೇಶವಿಲ್ಲದೆ ಹಾಗೆ ಮಾಡುವುದು ಇಲ್ಲಿ ಕಾನೂನುಬಾಹಿರ. ಇನ್ನೊಂದು, ಇದಕ್ಕೆ ಕಾನೂನಿಲ್ಲ: ಯಾರ ಮನೆಯ ಬಾಡಿಗೆ ಬಾಕಿ ಎಂಬುದು ಪಾಟ್‌ಲಕ್ ಸುದ್ದಿಯಾಗಬಾರದು. ನಮ್ಮವರು ಕೇಳಲು ಹೆದರುವುದು "ಇಲ್ಲ" ಎಂಬ ಉತ್ತರಕ್ಕಲ್ಲ, ಇದಕ್ಕೆ.

ಸಮನ್ಸ್ ಬಂದುಬಿಟ್ಟಿದ್ದರೂ ಕೈಚೆಲ್ಲಬೇಡಿ. ಲೀಗಲ್ ಏಡ್ ಆಫ್ ನಾರ್ತ್ ಕೆರೊಲಿನಾದ ಸಹಾಯವಾಣಿ 1-866-219-5262. ಅವರ ನೆರವಿಗೆ ಆದಾಯದ ಮಿತಿಯೂ ವಲಸೆ ಸ್ಥಿತಿಯ ನಿಯಮಗಳೂ ಇವೆ, ಎಚ್-1ಬಿಯವರಿಗೆ ಸಿಗದೇ ಹೋಗಬಹುದು. ಫೋನ್ ಮಾಡಿದರೆ ಮೊದಲಿಗೇ ಹೇಳುತ್ತಾರೆ. 211ಕ್ಕೆ ಕರೆ ಮಾಡಿದರೆ ಆ ವಾರ ಯಾವ ಚರ್ಚು, ಯಾವ ಸಂಸ್ಥೆ ಬಾಡಿಗೆಗೆ ನೆರವು ಕೊಡುತ್ತಿದೆ ಎಂದು ತಿಳಿಯುತ್ತದೆ. ಡರ್ಹ್ಯಾಮಿನವರಿಗೆ ಲೀಗಲ್ ಏಡ್ ಮತ್ತು ಡ್ಯೂಕ್ ಕಾನೂನು ಶಾಲೆಯ ಕ್ಲಿನಿಕ್ ಸೇರಿ 2017ರಲ್ಲಿ ಶುರುಮಾಡಿದ, ಮನೆ ಖಾಲಿ ಮಾಡಿಸುವುದನ್ನು ತಪ್ಪಿಸುವ ಕಾರ್ಯಕ್ರಮದ ಬಗ್ಗೆ ವಿಚಾರಿಸಿ. ವಿಚಾರಣೆಗೆ ಮಾತ್ರ ತಪ್ಪದೆ ಹೋಗಿ, ಬ್ಯಾಂಕ್ ಸ್ಟೇಟ್‌ಮೆಂಟ್, ಓನರ ಜೊತೆಗಿನ ಪತ್ರಗಳನ್ನು ಮುದ್ರಿಸಿ ತೆಗೆದುಕೊಂಡು ಹೋಗಿ. ಇಂಗ್ಲಿಷ್ ಸರಾಗವಿಲ್ಲದವರು ದುಭಾಷಿಯನ್ನು ಕೇಳಬಹುದು, ಅದಕ್ಕೆ ಹಣ ಕೊಡಬೇಕಿಲ್ಲ. ಮೊದಲೇ ತಿಳಿಸಬೇಕು.

ಕೊನೆಯ ಮನವಿ ನಮ್ಮ ಸಂಪಿಗೆ ಕನ್ನಡ ಸಂಘಕ್ಕೆ, ಹಾಗೆಯೇ ವಾಷಿಂಗ್ಟನ್ನಿನ ಕಾವೇರಿ ಸಂಘಕ್ಕೆ, ಅಟ್ಲಾಂಟಾದ ನೃಪತುಂಗ ಕನ್ನಡ ಕೂಟಕ್ಕೆ. ಕಾನೂನು ಆಯಾ ರಾಜ್ಯದ್ದು ಬೇರೆ ಬೇರೆ, ಸಂಕೋಚ ಎಲ್ಲ ಕಡೆ ಒಂದೇ. ಕೇರಿಯ ವೆಂಕಟೇಶ್ವರ ದೇವಸ್ಥಾನಕ್ಕೆ 87 ಅಡಿಯ ರಾಜಗೋಪುರ ಎದ್ದು, 2022ರ ಅಕ್ಟೋಬರ್‌ನಲ್ಲಿ ಗವರ್ನರ್ ರಾಯ್ ಕೂಪರ್ ಬಂದು ಉದ್ಘಾಟಿಸಿದರು; ಹಣ ಸೇರಿಸುವ, ಜನ ಸೇರಿಸುವ ಶಕ್ತಿ ಈ ಊರಿನ ಭಾರತೀಯರಿಗೆ ಇಲ್ಲ ಎನ್ನುವಂತಿಲ್ಲ. ನಾನು ಕೇಳುತ್ತಿರುವುದಕ್ಕೆ ಅಷ್ಟು ಹಣವೂ ಬೇಡ. ಕರಾರು ಪತ್ರ ಓದಿ ಅರ್ಥ ಹೇಳಬಲ್ಲ ನಾಲ್ಕು ಜನ, ಕೇಳಿದ್ದನ್ನು ಹೊರಗೆ ಆಡದವರು. ಓನರಿಗೂ ಬಾಡಿಗೆದಾರರಿಗೂ ಗೊತ್ತಿರುವ ಒಬ್ಬ ಹಿರಿಯರು, ಭಾನುವಾರದ ಆ ಹತ್ತು ನಿಮಿಷದ ಮಾತಿಗೆ ಜೊತೆಯಲ್ಲಿ ಕೂರಲು. ಊರು ಬಿಡುವ ಕುಟುಂಬಕ್ಕೆ ಎರಡು ವಾರ ಗರಾಜಿನ ಮೇಲಿನ ಬೋನಸ್ ರೂಮು ಕೊಡಬಲ್ಲವರು, ಸೋಫಾ ಮಂಚ ಇಟ್ಟುಕೊಳ್ಳಲು ಗರಾಜಿನ ಒಂದು ಮೂಲೆ ಕೊಡಬಲ್ಲವರು. ಮುಂದಿನ ಕಾರ್ಯಕ್ರಮದ ದಿನ ಸಂಘದ ಮೇಜಿನ ಮೇಲೆ ಇದಕ್ಕೆಂದು ಒಂದು ಹಾಳೆ ಇಡಿ. ಹೆಸರು ಬರೆಯುವವರಲ್ಲಿ ಕಾನೂನು ಬಲ್ಲವರೂ ಇರಲಿ, ತಿಂಗಳ ಕೊನೆಯ ಶನಿವಾರ ಪಿಕಪ್ ಟ್ರಕ್ ತರಬಲ್ಲವರೂ ಇರಲಿ.